ಟಿಣ್ ಅಂದರೆ ಬೆಳ್ಳಿ, ಗುರ್ ಅಂದರೆ ಮೊಳೆ

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕೈಯಲ್ಲೊಂದು ಉದ್ದ ಕೋಲು ಹಿಡಿದು, ಅದರ ತುದಿಯ ತಟ್ಟೆಯನ್ನು ಅತ್ತಿಂದಿತ್ತ ಬೀಸುತ್ತ ಕಡಲ ದಂಡೆಯಲ್ಲಿ ತಲೆ ತಗ್ಗಿಸಿ ನಡೆಯುವವನನ್ನು ಕಂಡರೆ ಜನ ಕೇಳುವುದು ಒಂದೇ ಪ್ರಶ್ನೆ: ಚಿನ್ನ ಸಿಕ್ತಾ? ನಾಯಿ ಹಿಡಿದುಕೊಂಡು ಬಂದ ಇಂಗ್ಲಿಷ್ ಅಜ್ಜಿಯರು ನಯವಾಗಿ ಕೇಳುತ್ತಾರೆ, ಮಕ್ಕಳು ನಾನು ತೋಡಿದ ಗುಂಡಿಗೇ ತಲೆ ತೂರಿಸಿ ಕೇಳುತ್ತವೆ. ಊರಿನಿಂದ ಅಮ್ಮ ಫೋನಿನಲ್ಲಿ ಕೇಳುವ ವರಸೆ ಮಾತ್ರ ಬೇರೆ: “ಗುಜರಿ ಆಯಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಮಗಾ?”

ಅಮ್ಮನ ಮಾತೇ ನಿಜಕ್ಕೆ ಹತ್ತಿರ. ಸಕಲೇಶಪುರದ ಕಡೆಯಿಂದ ಬಂದು ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ನೆಲೆ ನಿಂತ ನನಗೆ ರಜೆಯ ಬೆಳಗು ಅಂದರೆ ಒಂದೋ ಫೆಲಿಕ್ಸ್‌ಸ್ಟೋ ಕಡಲ ದಂಡೆ, ಇಲ್ಲವೇ ಸಫೋಕ್ ಸೀಮೆಯ ಯಾವುದೋ ಉತ್ತ ಹೊಲ. ಚೀಲದಲ್ಲಿ ಮನೆಗೆ ಬರುವುದರಲ್ಲಿ ಬಹುಪಾಲು ಗುಜರಿಯೇ. ಕೋಲಾ ಡಬ್ಬಿಯ ಮುಚ್ಚಳದಿಂದ ಕಿತ್ತೆಸೆದ ಉಂಗುರ, ಚಾಕೊಲೇಟಿನ ಬೇಗಡೆ, ಗಾಳಕ್ಕೆ ಕಟ್ಟುವ ಸೀಸದ ಗುಂಡು, ತುಕ್ಕು ಹಿಡಿದ ಮೊಳೆ. ಹೆಂಡತಿ ಬಾಗಿಲಲ್ಲೇ ಹಳೆಯ ಪೇಪರ್ ಹಾಸಿ, “ಇಲ್ಲೇ ಸುರೀರಿ, ಒಳಗೆ ಬೇಡ” ಅನ್ನುತ್ತಾಳೆ. ಆದರೂ ವಾರ ಕಳೆಯುವುದೇ ತಡ, ಕಾಲು ಆ ಕಡೆಗೇ ಎಳೆಯುತ್ತದೆ.

ಎಳೆಯುವುದು ಕಿವಿ ಅನ್ನಬೇಕು. ಲೋಹ ಪತ್ತೆಹಚ್ಚುವ ಆ ಕೋಲಿನ, ಅಂದರೆ ಡಿಟೆಕ್ಟರಿನ, ತಟ್ಟೆಯೊಳಗೆ ತಂತಿಯ ಸುರುಳಿಗಳಿವೆ, ನಾವು ಅದನ್ನು ಕಾಯಿಲ್ ಅನ್ನುತ್ತೇವೆ. ಅದು ಕ್ಷಣಕ್ಕೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಬಿಡುತ್ತದೆ. ಅಡಿಯಲ್ಲಿ ಲೋಹವಿದ್ದರೆ ಅದರ ಮೈಯಲ್ಲಿ ಸಣ್ಣ ಸುಳಿ ವಿದ್ಯುತ್ತು ಎದ್ದು, ತನ್ನದೇ ಕ್ಷೀಣ ಕಾಂತಕ್ಷೇತ್ರವನ್ನು ಮರಳಿ ಕಳಿಸುತ್ತದೆ. ಆ ಮಾರುತ್ತರ ಎಷ್ಟು ತಡವಾಗಿ ಬಂತು ಎಂಬುದನ್ನು ಅಳೆದು ಯಂತ್ರ ದನಿ ಹೊರಡಿಸುತ್ತದೆ. ವಿದ್ಯುತ್ತು ಸಲೀಸಾಗಿ ಹರಿಯುವ ಬೆಳ್ಳಿ, ತಾಮ್ರಕ್ಕೆ ಎತ್ತರದ ಟಿಣ್. ಕಬ್ಬಿಣಕ್ಕೆ ಗಂಟಲಿನ ಗುರ್. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳ ಗಿಣ್ಣಿನಲ್ಲಿ ತಟ್ಟಿ, ಬಿರುಕು ಬಿಟ್ಟಿದೆಯೋ ಇಲ್ಲವೋ ಹೇಳುವ ಹಾಗೆ, ಇಲ್ಲಿನ ಹಳಬರು ಒಂದೇ ದನಿ ಕೇಳಿ “ಬಾಟಲಿ ಮುಚ್ಚಳ, ಬಿಡು” ಎಂದು ಮುಂದೆ ಹೋಗುತ್ತಾರೆ. ಯಂತ್ರದ ಪರದೆಯ ಮೇಲೆ ಅಂಕಿಯೂ ಮೂಡುತ್ತದೆ. ಆದರೆ ಸಣ್ಣ ಚಿನ್ನದ ಉಂಗುರಕ್ಕೂ ಅಲ್ಯೂಮಿನಿಯಂ ಚೂರಿಗೂ ಬೇಗಡೆಗೂ ಬರುವ ಅಂಕಿ ಹೆಚ್ಚುಕಡಿಮೆ ಒಂದೇ. ಕಸದ ದನಿ ಬೇಡವೆಂದು ಅಡಗಿಸಿದರೆ ಅದರ ಜೊತೆಗೆ ಚಿನ್ನದ ಬಾಯಿಯೂ ಕಟ್ಟಿಹೋಗುತ್ತದೆ. ಕಸ ಅಗೆಯಲು ಬೇಸರಪಡುವವನ ಕೈಗೆ ಉಂಗುರ ಹತ್ತುವುದಿಲ್ಲ ಎಂಬುದು ಡಿಟೆಕ್ಟರ್ ಹಿಡಿಯುವವರ ಬಳಗದ ಮೊದಲ ಪಾಠ.

ಯಂತ್ರ ಇಷ್ಟು ಹೇಳಬಲ್ಲದು: ಇಲ್ಲೇನೋ ಇದೆ. ಎಲ್ಲಿ ಹುಡುಕಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕ ಹಿಡಿದವನದು. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡನ್ನು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಒಂದು ಯಂತ್ರ ಕಟ್ಟಿಕೊಂಡು ಬಂದರು. ಅದೂ ಕಿವಿಗೆ ಹಿಡಿದು ಕೇಳುವಂಥದ್ದೇ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ದನಿಯನ್ನು ಕಲಸಿಹಾಕಿದವು. ಸಾಲದ್ದಕ್ಕೆ ಗುಂಡು ಬಲಗಡೆಗೇ ಇದೆ ಎಂದು ನಂಬಿದ್ದ ಮುಖ್ಯ ವೈದ್ಯರು ಆ ಕಡೆಯನ್ನಷ್ಟೇ ಹುಡುಕಿಸಿದರು. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಗಡೆ ಇತ್ತು.

ಕಡಲ ದಂಡೆಯಲ್ಲಿ ಸ್ಪ್ರಿಂಗಿನ ಕೆಲಸವನ್ನು ಉಪ್ಪು ಮಾಡುತ್ತದೆ. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುವುದರಿಂದ, ಒಣ ಮರಳಿನಲ್ಲಿ ಸುಮ್ಮನಿದ್ದ ಯಂತ್ರ ಒದ್ದೆ ಮರಳಿಗೆ ಬಂದದ್ದೇ ಒಂದೇ ಸಮನೆ ವಟಗುಟ್ಟಲು ಶುರುಮಾಡುತ್ತದೆ. ಒಂದೇ ಫ್ರೀಕ್ವೆನ್ಸಿಯ ಅಗ್ಗದ ಯಂತ್ರ ಇಲ್ಲಿ ಸೋಲುತ್ತದೆ. ಹಲವು ಫ್ರೀಕ್ವೆನ್ಸಿಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಯಂತ್ರ ಅವುಗಳ ಉತ್ತರಗಳನ್ನು ಹೋಲಿಸಿ ಉಪ್ಪನ್ನು ಕಳೆದುಬಿಡುತ್ತದೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಜಾತಿಯಿದೆ. ಅದು ನೆಲಕ್ಕೆ ಚುಟುಕಾದ ಮಿಡಿತ ಕೊಟ್ಟು, ಸುಮ್ಮನಾಗಿ, ಮಾರುತ್ತರ ಎಷ್ಟು ಹೊತ್ತು ಉಳಿಯುತ್ತದೆಂದು ಕಾಯುತ್ತದೆ. ಉಪ್ಪಿನ ಉತ್ತರ ಚಿಟಿಕೆ ಹೊಡೆಯುವುದರೊಳಗೆ ಸತ್ತುಹೋಗುತ್ತದೆ, ಲೋಹದ್ದು ಉಳಿಯುತ್ತದೆ. ಆಳಕ್ಕೆ ಅದನ್ನು ಮೀರಿಸಿದ್ದಿಲ್ಲ. ಆದರೆ ಮೊಳೆಗೂ ಉಂಗುರಕ್ಕೂ ಭೇದವನ್ನು ಅದು ಸರಿಯಾಗಿ ಹೇಳದು. ನನ್ನದು ಹಲವು ಫ್ರೀಕ್ವೆನ್ಸಿಯ ಜಾತಿ. ಒದ್ದೆ ಮರಳಿನಲ್ಲಿ ಸೆನ್ಸಿಟಿವಿಟಿಯನ್ನು ಎರಡು ಮೆಟ್ಟಿಲು ಇಳಿಸುತ್ತೇನೆ. ಅರಚುವ ಯಂತ್ರಕ್ಕಿಂತ ಶಾಂತವಾದ ಯಂತ್ರ ಹೆಚ್ಚು ಆಳ ನೋಡುತ್ತದೆ. ಕಾಯಿಲ್ ನೆಲಕ್ಕೆ ಸಮನಾಗಿ, ನಿಧಾನವಾಗಿ ಸಾಗಬೇಕು, ಒಂದು ಬೀಸು ಇನ್ನೊಂದರ ಮೇಲೆ ಅರ್ಧ ಬೀಳಬೇಕು. ಹೊಸಬರು ಬೀಸಿನ ಕೊನೆಗೆ ಕೈ ಮೇಲೆತ್ತುತ್ತಾರೆ, ಎತ್ತಿದಷ್ಟೂ ಆಳ ಕಳೆಯಿತು.

ಬೀಚನ್ನು ಓದುವುದು ಇನ್ನೊಂದು ವಿದ್ಯೆ. ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಊರಿನಿಂದ ತಂದ ಕ್ಯಾಲೆಂಡರ್ ತೂಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳನ್ನು ಹೆಂಡತಿ ಪೂಜೆಗೆ ನೋಡಿದರೆ ನಾನು ಇಳಿತಕ್ಕೆ ನೋಡುತ್ತೇನೆ. ಆ ದಿನಗಳ ಆಸುಪಾಸಿನಲ್ಲಿ ಕಡಲು ಎಲ್ಲಕ್ಕಿಂತ ಹಿಂದೆ ಸರಿದು, ಬೇರೆ ದಿನ ನೀರಡಿ ಇರುವ ಮರಳನ್ನು ಬಿಟ್ಟುಕೊಡುತ್ತದೆ. ಬಿರುಗಾಳಿ ಬಂದು ಹೋದ ಮರುದಿನ ಇನ್ನೂ ಮೇಲು. ಅಲೆಗಳು ಮರಳನ್ನು ಕೊರೆದು ಒಯ್ದಿರುತ್ತವೆ, ಭಾರದ ವಸ್ತುಗಳು ಕೆಳಗಿನ ಗಟ್ಟಿ ಪದರದ ಮೇಲೆ ಕೂತಿರುತ್ತವೆ. ಮರಳು ಕೊಚ್ಚಿಹೋಗದಂತೆ ನೀರಿಗೆ ಅಡ್ಡವಾಗಿ ಕಟ್ಟಿದ ಮರದ ಗೋಡೆಗಳ ಪಕ್ಕವನ್ನು ನಾನು ಬಿಡುವುದೇ ಇಲ್ಲ. ಅಲ್ಲಿ ಸೀಸದ ಗುಂಡುಗಳು ಒಂದರ ಹಿಂದೊಂದು ಸಿಕ್ಕತೊಡಗಿದರೆ ಬೇಸರಪಡಬಾರದು. ಕಡಲು ವಸ್ತುಗಳನ್ನು ತೂಕ ನೋಡಿ ವಿಂಗಡಿಸುತ್ತದೆ, ಸೀಸ ನಿಂತ ಕಡೆ ಅದಕ್ಕಿಂತ ಭಾರದ ಚಿನ್ನವೂ ನಿಂತೀತು. ಉತ್ತರ ಸಮುದ್ರದ ತಣ್ಣೀರಿಗೆ ಬೆರಳು ಸೊರಗುತ್ತದೆ, ಸನ್‌ಸ್ಕ್ರೀನಿನ ಜಿಡ್ಡು ಸೇರುತ್ತದೆ, ಮದುವೆಯುಂಗುರ ಜಾರುತ್ತದೆ. ತಳದಲ್ಲೆಲ್ಲ ತೂತುಗಳಿರುವ ಉದ್ದ ಹಿಡಿಯ ಸ್ಕೂಪಿನಲ್ಲಿ ಮರಳನ್ನು ಮೊಗೆದು ನೀರಿನಲ್ಲಿ ಅಲ್ಲಾಡಿಸಿದರೆ ಉಳಿಯುವುದು ಒಂದಿಷ್ಟು ಬೆಣಚುಕಲ್ಲು ಮತ್ತು ಆ ದನಿಯ ಒಡೆಯ. ಬೆಳ್ಳಿಯಾದರೆ ಕಪ್ಪುಗಟ್ಟಿರುತ್ತದೆ. ಚಿನ್ನ ಬಿದ್ದ ದಿನ ಹೇಗಿತ್ತೋ ಹಾಗೇ ಇರುತ್ತದೆ.

ಹೊಲದ ಮಾತು ಬೇರೆ. ಅಲ್ಲಿ ಕಾಲಿಡುವ ಮುನ್ನ ರೈತನ ಒಪ್ಪಿಗೆ ಬೇಕು. ನಮ್ಮ ಬಳಗದಲ್ಲಿ ಅದಕ್ಕೆ ಪರ್ಮಿಷನ್ ಎಂದೇ ಹೆಸರು, ಒಳ್ಳೆಯ ಪರ್ಮಿಷನ್ ಇರುವವನಿಗೆ ಒಳ್ಳೆಯ ಯಂತ್ರ ಇರುವವನಿಗಿಂತ ಹೆಚ್ಚು ಮರ್ಯಾದೆ. ಸರ್ಕಾರ ಸಂರಕ್ಷಿತವೆಂದು ಸಾರಿದ ಪುರಾತನ ಜಾಗಗಳಲ್ಲಿ ವಿಶೇಷ ಅನುಮತಿಯಿಲ್ಲದೆ ಡಿಟೆಕ್ಟರ್ ಆಡಿಸುವುದೇ ಅಪರಾಧ. ಕೊಯ್ಲಾಗಿ, ಮತ್ತೆ ಬಿತ್ತುವುದರೊಳಗಿನ ಕೆಲವೇ ವಾರ ನಮ್ಮದು. ಹಳೆಯ ನಕಾಶೆ ನೋಡಿ, ಈಗ ಅಳಿಸಿಹೋದ ಕಾಲುದಾರಿ ಎಲ್ಲಿ ಹೊಲವನ್ನು ದಾಟುತ್ತಿತ್ತೆಂದು ಗುರುತು ಹಾಕಿಕೊಂಡು, ಅದರ ಜಾಡಿನಲ್ಲಿ ನಡೆಯುವುದು ನನ್ನ ಪದ್ಧತಿ. ನಡೆಯುವವರು ಬೀಳಿಸುತ್ತಾರೆ.

ಹಾಗೆ ಒಂದು ಸೆಪ್ಟೆಂಬರಿನಲ್ಲಿ, ಮಳೆ ನಿಂತ ಹೊಲದಲ್ಲಿ ಟಿಣ್ ಎಂದಿತು. ಸಣ್ಣ ದನಿ, ಆದರೆ ಯಾವ ಕಡೆಯಿಂದ ಬೀಸಿದರೂ ಒಂದೇ ದನಿ. ಕಸದ ದನಿ ದಿಕ್ಕು ಬದಲಿಸಿದರೆ ಒಡೆಯುತ್ತದೆ. ಗೇಣುದ್ದ ತೋಡಿ, ಹೆಂಟೆಯನ್ನು ಕೈಯಲ್ಲಿ ಮುರಿದರೆ ಉಗುರಿನಷ್ಟು ತೆಳುವಾದ ಅರ್ಧಚಂದ್ರ ಹೊಳೆಯಿತು. ಇಂಥ ಹೊತ್ತಿನಲ್ಲಿ ಹೆಬ್ಬೆರಳು ತಾನಾಗಿ ಉಜ್ಜಲು ಹೊರಡುತ್ತದೆ. ಉಜ್ಜಬಾರದು, ಮಣ್ಣಿನ ಹರಳುಗಳು ಬೆಳ್ಳಿಯನ್ನು ಗೀರುತ್ತವೆ. ಬಾಟಲಿಯಿಂದ ನಾಲ್ಕು ಹನಿ ನೀರು ಬಿಟ್ಟೆ. ಒಂದು ಮುಖದಲ್ಲಿ ಅರ್ಧ ಕಿರೀಟ, ಒಂದು ಕಣ್ಣು, ಕಿವಿಯ ಬಳಿ ಗುಂಗುರು ಕೂದಲು. ಇನ್ನೊಂದು ಮುಖದಲ್ಲಿ ಅಂಚಿನವರೆಗೆ ಚಾಚಿದ ಜೋಡಿಗೆರೆಯ ಶಿಲುಬೆಯ ತೋಳು. ಮೂರನೆಯ ಹೆನ್ರಿಯ ಪೆನ್ನಿಯ ಅರ್ಧ. ಜನ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು ಎಂದು 1247ರಲ್ಲಿ ಶಿಲುಬೆಯನ್ನು ಅಂಚಿಗೆ ಮುಟ್ಟಿಸಿದರು, ಕತ್ತರಿಸಿದರೆ ಎದ್ದು ಕಾಣಲೆಂದು. ಚಿಲ್ಲರೆ ಬೇಕಾದಾಗ ಅದೇ ಶಿಲುಬೆಯ ಗೆರೆ ಹಿಡಿದು ಎರಡು ಮಾಡಿದರೆ ಅರ್ಧ ಪೆನ್ನಿ, ನಾಲ್ಕು ಮಾಡಿದರೆ ಕಾಲು. 1279ರ ಸುಧಾರಣೆಯಲ್ಲಿ ದುಂಡನೆಯ ಚಿಲ್ಲರೆ ನಾಣ್ಯಗಳು ಬರುವವರೆಗೆ ಇದೇ ವ್ಯವಹಾರ. ಯಾವನೋ ಎಣಿಸಿ ಪಡೆದ ಚಿಲ್ಲರೆ, ಚೀಲಕ್ಕೆ ಹಾಕಿಕೊಳ್ಳುವಾಗ ಜಾರಿದ್ದು. ಎಷ್ಟು ಬೈದುಕೊಂಡನೋ.

ಒಂಟಿ ನಾಣ್ಯ ಇಲ್ಲಿನ ಕಾನೂನಿನ ಪ್ರಕಾರ ನಿಧಿಯಲ್ಲ. 1996ರ ಟ್ರೆಷರ್ ಆಕ್ಟ್ ಮುಖ್ಯವಾಗಿ ಕೇಳುವುದು ಮುನ್ನೂರು ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಒಡವೆಗಳನ್ನು, ಒಟ್ಟಿಗೆ ಸಿಕ್ಕ ನಾಣ್ಯಗಳನ್ನು. ಅಂಥದ್ದಾದರೆ ಹದಿನಾಲ್ಕು ದಿನದೊಳಗೆ ಕರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಬೆಲೆಯನ್ನು ಸಾಮಾನ್ಯವಾಗಿ ಹುಡುಕಿದವನಿಗೂ ಜಮೀನಿನವನಿಗೂ ಹಂಚುತ್ತಾರೆ. ನನ್ನ ಅರ್ಧ ಪೆನ್ನಿಯನ್ನು ಹೇಳಲೇಬೇಕೆಂದಿರಲಿಲ್ಲ. ಆದರೂ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸಲು 1997ರಿಂದ ನಡೆದಿರುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನ ಅಧಿಕಾರಿಗೆ ಒಯ್ದು ತೋರಿಸಿದೆ. ಆಕೆ ನಾಣ್ಯಕ್ಕಿಂತ ಮೊದಲು ಕೇಳಿದ್ದು ಜಾಗ ಎಲ್ಲಿ ಎಂದು. ಫೋನಿನಲ್ಲಿ ಗುರುತು ಹಾಕಿದ್ದನ್ನು ಕೊಟ್ಟಾಗಲೇ ಮುಖ ಅರಳಿತು. ಊರು ಕೇರಿ ಇಲ್ಲದ ನಾಣ್ಯ ಬರೀ ಬೆಳ್ಳಿ. ಜಾಗ ಸೇರಿದರೆ, ಆ ಅಳಿದ ಕಾಲುದಾರಿಯಲ್ಲಿ ಹದಿಮೂರನೆಯ ಶತಮಾನದಲ್ಲಿ ಚಿಲ್ಲರೆ ಇಟ್ಟುಕೊಂಡವರು ಓಡಾಡಿದ್ದಕ್ಕೆ ಸಾಕ್ಷಿ.

ಈ ಮಾತಿಗೆ ನಮ್ಮ ಸಫೋಕ್‌ನಲ್ಲೇ ದೊಡ್ಡ ಉದಾಹರಣೆಯಿದೆ. 1992ರ ನವೆಂಬರಿನಲ್ಲಿ ಹಾಕ್ಸನ್ ಹಳ್ಳಿಯ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಡಿಟೆಕ್ಟರ್ ಹಿಡಿದು ಬಂದ. ಸುತ್ತಿಗೆಗಿಂತ ಮೊದಲು ಬೆಳ್ಳಿಯ ಚಮಚ, ಚಿನ್ನದ ನಾಣ್ಯಗಳು ಬರತೊಡಗಿದವು. ಆಗ ಅವನು ಅಗೆಯುವುದನ್ನು ನಿಲ್ಲಿಸಿದ. ಸುದ್ದಿ ಮುಟ್ಟಿಸಿದ. ಮರುದಿನ ಪುರಾತತ್ತ್ವದವರು ಬಂದು ಪದರ ಪದರವಾಗಿ ಬಿಡಿಸಿದರು. ರೋಮನ್ ಕಾಲದ 14,865 ನಾಣ್ಯ, ಒಡವೆ, ಬೆಳ್ಳಿಯ ಪಾತ್ರೆ ಪಗಡ. ಬೆಲೆ ಕಟ್ಟಿದಾಗ 17.5 ಲಕ್ಷ ಪೌಂಡ್. ಲಾಸ್ ಕೈ ತಡೆದದ್ದರಿಂದಲೇ ಆ ಸಂಪತ್ತನ್ನು ಮರದ ಪೆಟ್ಟಿಗೆಯಲ್ಲಿ, ಒಳಗೆ ಸಣ್ಣ ಪೆಟ್ಟಿಗೆಗಳಲ್ಲಿ, ಹೇಗೆ ಜೋಪಾನವಾಗಿ ಜೋಡಿಸಿ ಹೂತಿದ್ದರೆಂಬುದು ತಿಳಿಯಿತು. ಸುತ್ತಿಗೆಯೂ ಸಿಕ್ಕಿತು, ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇದಕ್ಕೆ ತದ್ವಿರುದ್ಧವಾಗಿ 2015ರಲ್ಲಿ ಹೆರೆಫೋರ್ಡ್‌ಶೈರಿನಲ್ಲಿ ವೈಕಿಂಗ್ ನಿಧಿ ಸಿಕ್ಕ ಇಬ್ಬರು ಯಾರಿಗೂ ಹೇಳದೆ ಕದ್ದು ಮಾರಿದರು, 2019ರಲ್ಲಿ ಜೈಲಿಗೆ ಹೋದರು. ಸುಮಾರು ಮುನ್ನೂರು ನಾಣ್ಯಗಳಿದ್ದುವೆಂದು ಅಂದಾಜು. ಆಗ ಸರ್ಕಾರದ ಕೈಗೆ ಬಂದದ್ದು 31. ಯಂತ್ರ ಎಲ್ಲರ ಕೈಯಲ್ಲೂ ಟಿಣ್ ಎನ್ನುತ್ತದೆ, ಸಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಮನುಷ್ಯ ಗೊತ್ತಾಗುತ್ತಾನೆ.

ಹಾಕ್ಸನ್ ನಿಧಿಯಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ್ದು ಬೆಳ್ಳಿಯ ಒಂದು ಮೆಣಸಿನ ಡಬ್ಬಿ. ಅಂಗೈ ಉದ್ದದ, ಅಲ್ಲಲ್ಲಿ ಚಿನ್ನದ ನೀರು ಕುಡಿಸಿದ, ಸಿಂಗರಿಸಿಕೊಂಡ ಹೆಂಗಸಿನ ಮೈಮಾಟ. ತಳದಲ್ಲಿ ತಿರುಗುವ ಬಿಲ್ಲೆ: ಒಂದು ಕಡೆ ತಿರುಗಿಸಿದರೆ ತುಂಬಲು, ಇನ್ನೊಂದು ಕಡೆಗೆ ಉದುರಿಸಲು, ಮತ್ತೊಂದಕ್ಕೆ ಮುಚ್ಚಲು. ಆ ಕಾಲಕ್ಕೆ ರೋಮನ್ನರ ಕಾಳುಮೆಣಸು ಬರುತ್ತಿದ್ದುದು ನಮ್ಮ ಪಡುವಣ ಘಟ್ಟದ ಕಾಡಿನಿಂದ, ಮಲಬಾರಿನ ಬಂದರು ದಾಟಿ. ಐದನೆಯ ಶತಮಾನದ ಶುರುವಿನಲ್ಲಿ ರೋಮ್ ಬ್ರಿಟನ್ನಿನ ಕೈ ಬಿಟ್ಟ ಗದ್ದಲದಲ್ಲಿ ಯಾರೋ ಹೂತಿಟ್ಟ ಡಬ್ಬಿಯ ಮುಂದೆ ಮ್ಯೂಸಿಯಮ್ಮಿನಲ್ಲಿ ನಿಂತಾಗ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ನಮ್ಮ ತೋಟದ ಬಳ್ಳಿಗೂ ಸಫೋಕ್‌ನ ಈ ಕೆಸರಿಗೂ ಹಳೆಯ ಲೆಕ್ಕವಿದೆ ಅನ್ನಿಸಿತು.

ಊರಿಗೆ ಹೊರಟಾಗಲೆಲ್ಲ ಚಿಕ್ಕಪ್ಪನ ಬೇಡಿಕೆ ಒಂದೇ. “ಆ ಮಿಷನ್ ತಗಂಡು ಬಾ ಮಾರಾಯ. ಮಂಜರಾಬಾದ್ ಕೋಟೆ ಕಡೆ ಟಿಪ್ಪು ಏನಾರ ಬಿಟ್ಟು ಹೋಗಿರ್ತಾನೆ.” ಬಿಟ್ಟದ್ದನ್ನು ಹುಡುಕುವ ಆಸೆಗೆ ನಮ್ಮ ಕಡೆ ಗರ್ಭಗುಡಿ ಬಗೆದವರಿದ್ದಾರೆ, ನಂದಿಯನ್ನು ಒಡೆದವರಿದ್ದಾರೆ. ಅಂಥ ಗುಂಡಿಗಳ ಪಕ್ಕ ಉರುಳಿಬಿದ್ದ ಶಾಸನಗಳು ನಿಧಿಗಳ್ಳರಿಗೆ ಬರೀ ಕಲ್ಲು. ಹಾಗಾಗಿ ಕೋಟೆಯ ಮಾತು ಬಂದರೆ ಜೈಲಿನ ಮಾತು ಆಡುತ್ತೇನೆ.

“ಕೋಟೆ ಬೇಡ. ನಮ್ದೇ ತೋಟದಲ್ಲಿ ಹುಡುಕು.”

“ಅಲ್ಲಿ ಸಿಕ್ಕಿದ್ರೂ ನಿಧಿ ಕಾನೂನು ಇದೆ ಚಿಕ್ಕಪ್ಪ. ಬೆಲೆಬಾಳೋ ನಿಧಿ ಸಿಕ್ಕಿದ್ರೆ ಕಲೆಕ್ಟರಿಗೆ ಬರೆದು ತಿಳಿಸ್ಬೇಕು.”

“ಹಂಗಾದ್ರೆ ಬೆಲೆ ಇಲ್ದಿದ್ದು ಹುಡುಕು.”

ಕಡೆಗೆ ಒಂದು ಕೆಲಸ ಒಪ್ಪಿಕೊಂಡಿದ್ದೇನೆ. ಮೆಣಸು ಕೊಯ್ಯುವಾಗ ಚಿಕ್ಕಮ್ಮನ ಒಂದು ಓಲೆ ತೋಟದ ತರಗೆಲೆಯಲ್ಲಿ ಬಿದ್ದುಹೋಗಿದೆ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಯಂತ್ರ ಮಣ್ಣಿಗೇ ಗುರ್ ಎಂದೀತು. ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಆ ನೆಲದ ದನಿಯನ್ನು ಮೊದಲು ಕಳೆದುಕೊಳ್ಳಬೇಕು, ಸೆನ್ಸಿಟಿವಿಟಿ ಇಳಿಸಬೇಕು, ಗಿಡದ ಬುಡಗಳ ನಡುವೆ ತೂರುವ ಚಿಕ್ಕ ಕಾಯಿಲ್ ಹಾಕಬೇಕು. ಸಣ್ಣ ಓಲೆ, ಕಷ್ಟವೇ. ಸಿಕ್ಕರೆ ಮಾತ್ರ ಅದು ಯಾರದೆಂದು ಇಡೀ ಊರಿಗೆ ಗೊತ್ತು, ಕಲೆಕ್ಟರಿಗೆ ಬರೆಯುವ ತಾಪತ್ರಯವಿಲ್ಲ.