ಮಸ್ಕಿಯ ಬಂಡೆ, ಜಗನ್ಮೋಹನದ ದೀಪ

ಡಿಸೆಂಬರ್ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಶಾಲೆಗಳಲ್ಲಿ ಪ್ರವಾಸದ ಗದ್ದಲ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಮೈಸೂರು ಸೇರುವ ಮಕ್ಕಳು ದೊಡ್ಡ ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿ ಬೃಂದಾವನದ ಕಾರಂಜಿಗೆ ಓಡುತ್ತಾರೆ. ಈ ಓಟದಲ್ಲಿ ತಪ್ಪಿಹೋಗಬಾರದ ತಾಣವೊಂದಿದೆ. ಅದೇ ಜಗನ್ಮೋಹನ ಅರಮನೆ.

1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದರು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಮನೆತನಕ್ಕೆ ಆಸರೆಯಾದದ್ದು ಇದೇ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯ್ ಲಾರ್ಡ್ ಕರ್ಜನ್ ಎದುರು ರಾಜ್ಯಾಧಿಕಾರ ವಹಿಸಿಕೊಂಡದ್ದೂ ಇಲ್ಲಿಯೇ. 1915ರಲ್ಲಿ ಅರಮನೆ ಚಿತ್ರಶಾಲೆಯಾಯಿತು. 1955ರಲ್ಲಿ ಅದಕ್ಕೆ ಜಯಚಾಮರಾಜೇಂದ್ರ ಒಡೆಯರ ಹೆಸರಿಟ್ಟರು. ಅರಸರ ಕಣ್ಣಿಗಷ್ಟೇ ಮೀಸಲಾಗಿದ್ದದ್ದು ಇಂದು ಟಿಕೆಟ್ ಪಡೆದ ಎಲ್ಲರ ಕಣ್ಣಿಗೂ ಸಿಗುತ್ತದೆ.

ರವಿವರ್ಮನ ಪುರಾಣ ಚಿತ್ರಗಳು, ಹಳೆಯ ವಾದ್ಯಗಳು, ಪುಟ್ಟ ಸಿಪಾಯಿಗಳು ಸಾಗುವ ಫ್ರೆಂಚ್ ಗಡಿಯಾರ ಇಲ್ಲಿವೆ. ಆದರೆ ಹೆಚ್ಚು ಜನ ಹುಡುಕಿಕೊಂಡು ಬರುವುದು ದೀಪ ಹಿಡಿದ ಹೆಣ್ಣಿನ ಚಿತ್ರವನ್ನು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ. ಬೆರಳುಗಳ ಸಂದಿನಲ್ಲಿ ಕೆಂಪು ಹೊಳಪು. ಮಕ್ಕಳು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕತ್ತಲೆ ಕೋಣೆಯಲ್ಲಿ ಟಾರ್ಚಿಗೆ ಬೆರಳು ಅಡ್ಡ ಹಿಡಿದರೆ ಬೆರಳು ಕೆಂಪಗೆ ಕಾಣುತ್ತದೆ. ಬೆಳಕಿನ ಇತರ ಬಣ್ಣಗಳನ್ನು ರಕ್ತ ಮಾಂಸಗಳು ಹೆಚ್ಚಾಗಿ ಹೀರಿಕೊಳ್ಳುತ್ತವೆ, ಕೆಂಪು ಮಾತ್ರ ಹಾದುಬರುತ್ತದೆ. ಚಿತ್ರಕಾರ ಇದನ್ನು ಕಣ್ಣಿಟ್ಟು ನೋಡಿದ್ದ. ಬರೆದದ್ದು ಜಲವರ್ಣದಲ್ಲಿ, ಅಂದರೆ ಒಮ್ಮೆ ಕಪ್ಪಾದ ಜಾಗ ಮತ್ತೆ ಬೆಳಗಾಗುವುದು ಬಹು ಕಷ್ಟ.

ಈ ಚಿತ್ರವೂ ರವಿವರ್ಮನದೇ ಎಂದು ಅನೇಕರು ಹೇಳುವುದುಂಟು. ಅದು ಸರಿಯಲ್ಲ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, ರೂಪದರ್ಶಿ ಅವರ ಮಗಳು ಗೀತಾ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಈ ಚಿತ್ರ 1940ರ ದಶಕದ್ದು. ಇಸವಿಗಳನ್ನು ಹೋಲಿಸಿದರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಹೆಸರಿನ ಬೆಲೆ ಏನೆಂದು ಮಸ್ಕಿಯ ಮಕ್ಕಳಿಗೆ ಬೇರೆ ಹೇಳಬೇಕಿಲ್ಲ. ಜಗನ್ಮೋಹನ ಚಿತ್ರಶಾಲೆಯಾದ ಅದೇ 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬೆಟ್ಟದಲ್ಲಿ ಶಾಸನವೊಂದನ್ನು ಕಂಡರು. ದೇಶದ ಹಲವೆಡೆಯ ಬಂಡೆಗಳು ‘ದೇವಾನಾಂಪ್ರಿಯ’ ಎಂದಷ್ಟೇ ಹೇಳುತ್ತಿದ್ದವು. ಆ ದೊರೆ ಅಶೋಕನೇ ಎಂದು ಹೆಸರಿಟ್ಟು ಸಾರಿದ ಮೊದಲ ಶಾಸನ ಮಸ್ಕಿಯದು. ಒಂದೇ ಒಂದು ಪದ ಚರಿತ್ರೆಯ ದೊಡ್ಡ ಒಗಟನ್ನು ಬಿಡಿಸಿತು.

ಪ್ರವಾಸಕ್ಕೆಂದು ತಂದೆತಾಯಿ ಹೊಂದಿಸುವ ಹಣ ಸುಲಭದ್ದಲ್ಲ. ಹತ್ತು ತಾಣ ಸುತ್ತಿ ಬಂದ ಮಗುವಿಗೆ ಒಂದೂ ನೆನಪಿರದಿದ್ದರೆ ಅದು ವ್ಯರ್ಥ. ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಂತು, ಕೆಳಗಿನ ಫಲಕ ಓದಿ, ಹೆಸರು, ಇಸವಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಸಾಕು. ಅಷ್ಟನ್ನು ಕಲಿತ ಮಗುವಿಗೆ ಮುಂದಿನ ಪಾಠ ಕಾದಿರುವುದು ಊರಿನ ಪಕ್ಕದ ಬೆಟ್ಟದಲ್ಲಿ. ಅದಕ್ಕೆ ರಾತ್ರಿ ಬಸ್ಸೂ ಬೇಕಾಗಿಲ್ಲ.