ದೇವರೊಂದಿಗೆ ಜಗಳಕ್ಕೊಂದು ಭಾಷೆ

ಮುಂಬಯಿ ಪಕ್ಕದ ಕಳವಾ ಊರಿನಲ್ಲಿ ಬಾಳಬೇಕಾದರೆ ಒಂದು ಭಾಷೆ ಸಾಲದು. ಭಾಜಿವಾಲಿಯ ಹತ್ತಿರ ಮರಾಠಿ, ರಿಕ್ಷಾದವನ ಹತ್ತಿರ ಹಿಂದಿ, ಬ್ಯಾಂಕಿನಲ್ಲಿ ಅರೆಬರೆ ಇಂಗ್ಲಿಷ್, ಊರಿನವರು ಸಿಕ್ಕರೆ ತುಳು, ಮನೆಯೊಳಗೆ ಕನ್ನಡ, ದೇವರ ಕೋಣೆಯಲ್ಲಿ ಸಂಸ್ಕೃತ. ಇವುಗಳಲ್ಲಿ ಐದು ಭಾಷೆಗಳಲ್ಲಿ ನಾನು ಧಾರಾಳವಾಗಿ ಜಗಳ ಆಡಿದ್ದೇನೆ. ಬೆಳಿಗ್ಗೆ ಸ್ಲೋ ಲೋಕಲ್ ಹತ್ತುವ ಗಡಿಬಿಡಿಯಲ್ಲಿ ಐದೂ ಒಟ್ಟಿಗೇ ಬಾಯಿಗೆ ಬಂದದ್ದುಂಟು. ಜಗಳವಾಡದೆ ಬಿಟ್ಟದ್ದು ಸಂಸ್ಕೃತದಲ್ಲಿ ಮಾತ್ರ. ಅದಕ್ಕೆ ಭಕ್ತಿ ಕಾರಣವಲ್ಲ, ಆ ಭಾಷೆ ನನಗೆ ಬರುವುದಿಲ್ಲ, ಅಷ್ಟೇ. ವಿಷ್ಣು ಸಹಸ್ರನಾಮ ಪೂರ್ತಿ ಬಾಯಿಪಾಠ ಉಂಟು. ನಡುವೆ ಕುಕ್ಕರ್ ಸೀಟಿ ಹೊಡೆದರೂ ನಿಲ್ಲುವುದಿಲ್ಲ. ಆದರೆ ಅರ್ಥವಾಗದ ಭಾಷೆಯಲ್ಲಿ ದೇವರಿಗೆ ‘ನಮಃ’ ಎನ್ನಬಹುದು, ‘ಯಾಕೆ ಸ್ವಾಮಿ?’ ಎಂದು ಕೇಳುವುದು ಹೇಗೆ?

ಈ ಹುಳವನ್ನು ನನ್ನ ತಲೆಗೆ ಬಿಟ್ಟವರು ನಮ್ಮ ಬಿಲ್ಡಿಂಗಿನ ಮಾವುಶಿ. ಉಡುವುದು ಮರಾಠಿ ಸೀರೆ, ಬೈಯುವುದು ಮರಾಠಿಯಲ್ಲಿ, ಅಡ್ಡಹೆಸರು ಕೊಂಕಣದ ಎಲ್ಲರ ಹಾಗೆ ‘ಕರ್’ ಎಂದೇ ಮುಗಿಯುತ್ತದೆ. ದೇವರಿಗೆ ಮಾತ್ರ ಹೀಬ್ರೂ. ಅವರು ಬೆನೆ ಇಸ್ರೇಲಿ ಯೆಹೂದ್ಯರು. ಖಾಡಿ ದಾಟಿ ಥಾಣೆಗೆ ಹೋದರೆ ಟೇಂಭಿ ನಾಕಾದಲ್ಲಿ ಅವರ ಸಿನೆಗಾಗ್ ಇದೆ. ಹೆಸರು ಶಾಅರ್ ಹಶಾಮಾಯಿಮ್, ಅಂದರೆ ಸ್ವರ್ಗದ ಬಾಗಿಲು. 1879ರದ್ದು. ಬಾಗಿಲಿಗೆ ಹೋಗಲು ಕಳವಾದ ಸೇತುವೆಯ ಟ್ರಾಫಿಕ್ ದಾಟಬೇಕು ಎಂಬುದೊಂದೇ ತೊಡಕು.

ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ಹಡಗು ಒಡೆದು ಏಳು ಗಂಡಸರು, ಏಳು ಹೆಂಗಸರು ದಡ ಸೇರಿದರು, ತಾವು ಅವರ ಸಂತಾನ ಎಂಬುದು ಇವರ ಐತಿಹ್ಯ. ಕೊಂಕಣದಲ್ಲಿ ಗಾಣ ಹಾಕಿ ಎಣ್ಣೆ ತೆಗೆದರು. ಶನಿವಾರ ಗಾಣ ತಿರುಗಿಸುತ್ತಿರಲಿಲ್ಲವಾದ್ದರಿಂದ ಊರವರು ‘ಶನಿವಾರ ತೇಲಿ’ ಎಂದರು. ಪುಸ್ತಕವಿಲ್ಲ, ಗುರುಗಳಿಲ್ಲ, ಹೀಬ್ರೂ ಮರೆತೇಹೋಯಿತು. ಉಳಿದದ್ದು ‘ಶೆಮಾ’ ಎಂಬ ಒಂದು ಪ್ರಾರ್ಥನೆ. ಮದುವೆಯಾಗಲಿ, ಸಾವಾಗಲಿ, ಹೇಳುವುದು ಅದೊಂದನ್ನೇ. ಬಾಯಿಪಾಠವನ್ನು ನಾನು ಹಗುರವಾಗಿ ನೋಡಲಾರೆ. ಇಡೀ ಸಮುದಾಯವನ್ನು ಶತಮಾನಗಳ ಕಾಲ ಹಿಡಿದಿಟ್ಟದ್ದು ಅದೇ.

ನಮಗೂ ಅವರಿಗೂ ಒಂದು ಹಳೆಯ ನಂಟುಂಟು. ಮುಂಬಯಿಯ ಮೊದಲ ಸಿನೆಗಾಗ್ ಕಟ್ಟಿಸಿದವರು 1796ರಲ್ಲಿ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಕಂಪನಿ ಸೈನ್ಯದಲ್ಲಿದ್ದ ಅವರು ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ, ಬದುಕಿ ಹಿಂತಿರುಗಿದರೆ ಮಂದಿರ ಕಟ್ಟಿಸುತ್ತೇನೆಂದು ಹರಕೆ ಹೊತ್ತರಂತೆ. “ನಿಮ್ಮವರು ಹಿಡಿದುಹಾಕಿದ್ದಕ್ಕೇ ನಮಗೊಂದು ದೇವಸ್ಥಾನ ಆಯಿತು ಅಣ್ಣಾ” ಎಂದು ಮಾವುಶಿ ನನ್ನನ್ನು ಚುಡಾಯಿಸುವುದುಂಟು. ಮುಂಬಯಿಯಲ್ಲಿ ದಕ್ಷಿಣದವರೆಲ್ಲ ಅಣ್ಣಂದಿರೇ ಆದ್ದರಿಂದ ಟಿಪ್ಪುವಿನ ಲೆಕ್ಕವನ್ನೂ ನಾನೇ ಕೊಡಬೇಕಾಗುತ್ತದೆ. ಪ್ರವಾದಿ ಎಲೀಯನ ಹೆಸರಿನಲ್ಲಿ ಅವರು ಮಾಡುವ ‘ಮಲಿದಾ’ ಮನೆಗೆ ಬಂದಾಗ ನೋಡುತ್ತೇನೆ: ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ತುರಿ, ಹಣ್ಣು. ಅದು ನಮ್ಮ ಸಿಹಿ ಅವಲಕ್ಕಿಯೇ. ನಮ್ಮಲ್ಲಿ ಕೃಷ್ಣ ತಿನ್ನುತ್ತಾನೆ, ಅವರಲ್ಲಿ ಎಲೀಯ.

ಮರೆತ ಹೀಬ್ರೂ ಮರಳಿ ಬಂದದ್ದು ಮರಾಠಿಯ ಕೈಹಿಡಿದು. ಕೊಚ್ಚಿಯಿಂದ ಯೆಹೂದಿ ಗುರುಗಳು ಬಂದರು. ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ 1832ರಲ್ಲಿ ಮರಾಠಿಯಲ್ಲೇ ಹೀಬ್ರೂ ವ್ಯಾಕರಣ ಬರೆದರು. ಪಾದ್ರಿಯ ಆಸೆ ಏನಿತ್ತೋ ಇರಲಿ. ಇವರು ವ್ಯಾಕರಣ ಕಲಿತು ಇನ್ನಷ್ಟು ಗಟ್ಟಿ ಯೆಹೂದ್ಯರಾದರು! ಆಮೇಲೆ ಜೋಸೆಫ್ ಎಜೆಕಿಯೆಲ್ ರಾಜಪುರ್ಕರ್ ಪ್ರಾರ್ಥನಾ ಪುಸ್ತಕಗಳನ್ನು ಒಂದೊಂದಾಗಿ ಮರಾಠಿಗೆ ತಂದರು. ಬೈಬಲಿನ ಕಥೆಗಳನ್ನು ಮರಾಠಿ ಕೀರ್ತನೆಗಳಾಗಿ ಹಾಡುವ ಪದ್ಧತಿಯೂ ಬಂತು.

ಇಷ್ಟೆಲ್ಲ ಮರಾಠಿಯಲ್ಲಿ ಸಿಗುವಾಗ ಹೀಬ್ರೂ ಯಾಕೆ ಬೇಕು? ಮಾವುಶಿಯ ಮೊಮ್ಮಗ ಮೊಬೈಲಿನಲ್ಲಿ ಹೀಬ್ರೂ ಕಲಿಯಲು ಶುರುಮಾಡಿದಾಗ ಅವರೂ ಹೀಗೆಯೇ ಕೇಳಿದ್ದರು. ಅವರ ಪ್ರಾರ್ಥನಾ ಪುಸ್ತಕವನ್ನು ನಾನು ನೋಡಿದ್ದೇನೆ: ಒಂದು ಕಡೆ ಹೀಬ್ರೂ, ಎದುರಿಗೆ ಮರಾಠಿ, ಅಂಚಿನಲ್ಲಿ ಪೆನ್ಸಿಲಿನಿಂದ ದೇವನಾಗರಿಯಲ್ಲಿ ಬರೆದುಕೊಂಡ ಉಚ್ಚಾರ. ಹೀಬ್ರೂ ಬಲದಿಂದ ಎಡಕ್ಕೆ, ಮರಾಠಿ ಎಡದಿಂದ ಬಲಕ್ಕೆ; ಒಂದೇ ಪುಟಕ್ಕೆ ಎರಡು ಕಡೆಯಿಂದ ಜನ ಬರುತ್ತಾರೆ.

ಸಿನೆಗಾಗಿನಲ್ಲಿ ಓದುವ ಅವರ ಧರ್ಮಗ್ರಂಥ ತೋರಾದ ಸುರುಳಿ ಇನ್ನೂ ಕಠಿಣ. ಇಪ್ಪತ್ತೆರಡು ಅಕ್ಷರ, ಎಲ್ಲ ವ್ಯಂಜನ. ಸ್ವರದ ಗುರುತು ಬರೆಯುವಂತಿಲ್ಲ. ಕನ್ನಡದಲ್ಲಿ ದೀರ್ಘ, ಕೊಂಬು, ಗುಡಿಸು, ಒತ್ತು ಎಲ್ಲ ಅಳಿಸಿ ಬರೀ ‘ಕಲ’ ಎಂದು ಬರೆದರೆ ಅದು ಕಾಲೋ, ಕೋಲೋ, ಕಲ್ಲೋ, ಕೂಲಿಯೋ, ಕೀಲಿಯೋ? ಹಿಂದುಮುಂದು ತಿಳಿದವನಷ್ಟೇ ಓದಿಯಾನು. ಓದುವವನು ತಪ್ಪಿದರೆ ಸುತ್ತ ನಿಂತವರು ಅಲ್ಲೇ ತಿದ್ದುತ್ತಾರೆ. ನಮ್ಮಲ್ಲಿ ಭಟ್ಟರು ತಪ್ಪಿದರೆ ಭಟ್ಟರಿಗೂ ದೇವರಿಗೂ ಮಾತ್ರ ಗೊತ್ತು.

ಮೊಮ್ಮಗ ಹೀಗೆ ಅಕ್ಷರ ಅಕ್ಷರ ತಡವರಿಸುತ್ತ ಅಬ್ರಹಾಮನ ಕಥೆಗೆ ಬಂದ. ಸೊದೋಮ್ ಪಟ್ಟಣವನ್ನು ನಾಶಮಾಡುತ್ತೇನೆಂದು ದೇವರು ಹೊರಟಾಗ ಅಬ್ರಹಾಮ ಅಡ್ಡ ನಿಂತು ಚೌಕಾಸಿ ಮಾಡುತ್ತಾನೆ. ಐವತ್ತು ಮಂದಿ ಒಳ್ಳೆಯವರಿದ್ದರೆ ಬಿಡುತ್ತೀಯಾ? ನಲವತ್ತೈದು? ನಲವತ್ತು? ಮೂವತ್ತು? ಇಪ್ಪತ್ತು? ಹತ್ತು? ಸ್ಟೇಷನ್ ಹೊರಗಿನ ಸಂತೆಯಲ್ಲಿ ಮೆಂತೆ ಸೊಪ್ಪಿನ ಜೂಡಿಗೂ ಇದಕ್ಕಿಂತ ಹದವಾಗಿ ಬೆಲೆ ಇಳಿಸಲಾಗದು. ಮಾವುಶಿ ಈ ಕಥೆಯನ್ನು ಚಿಕ್ಕಂದಿನಿಂದ ಮರಾಠಿಯಲ್ಲಿ ಕೇಳಿದವರು. ಕಥೆ ಸರಾಗವಾಗಿ ಕಿವಿಗೆ ಬಿದ್ದು ಸರಾಗವಾಗಿ ಹೋಗಿತ್ತು. ಒಂದೊಂದು ಸಾಲಿಗೆ ಅರ್ಧ ಗಂಟೆ ಹಿಡಿಯುವ ಹುಡುಗ ಮಾತ್ರ ಕೇಳಿದ: “ಆಜೀ, ಹತ್ತಕ್ಕೇ ಯಾಕೆ ನಿಲ್ಲಿಸಿದ? ಐದಕ್ಕೆ ಕೇಳಬಹುದಿತ್ತಲ್ಲ?”

ಆಜಿಯ ಹತ್ತಿರ ಉತ್ತರ ಇರಲಿಲ್ಲ, ಹಾಸ್ಯ ಇತ್ತು. ಹತ್ತು ಗಂಡಸರು ಸೇರದೆ ಅವರಲ್ಲಿ ಸಾಮೂಹಿಕ ಪ್ರಾರ್ಥನೆ ಪೂರ್ತಿಯಾಗುವುದಿಲ್ಲ. 1948ರ ನಂತರ ಬಹುಪಾಲು ಜನ ಇಸ್ರೇಲಿಗೆ ಹೋದರು. “ಹತ್ತು ಜನರನ್ನು ಕೂಡಿಸುವ ಕಷ್ಟ ಅಬ್ರಹಾಮನಿಗೂ ಗೊತ್ತಿತ್ತು, ಬಾಳಾ” ಎಂದು ನಕ್ಕರು. ಹಾಗೆ ಹೋದವರಾದರೂ ಅಲ್ಲಿ ಸುಮ್ಮನಿದ್ದಾರೆಯೇ? ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆ ನಡೆಸಿದರು! ಇಲ್ಲಿದ್ದಾಗ ಹೀಬ್ರೂವಿಗೆ ಹಂಬಲಿಸಿದವರು ಅಲ್ಲಿ ಮರಾಠಿಗೆ ಹಂಬಲಿಸಿದರು. ಮುಂಬಯಿ ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನುವಾದದಿಂದ ದೇವರು ಏನು ಹೇಳಿದ ಎಂಬುದು ತಿಳಿಯುತ್ತದೆ. ಆದರೆ ಅದು ಯಾರೋ ಕೇಳಿ, ಯಾರೋ ತೀರ್ಮಾನಿಸಿ, ನಮ್ಮ ಕೈಗೆ ದಾಟಿಸಿದ ಮಾತು. ಮೂಲಭಾಷೆ ಕಲಿಯುವವನು ತಡವರಿಸುತ್ತಾನೆ, ತಡವರಿಸಿದಲ್ಲೆಲ್ಲ ನಿಲ್ಲುತ್ತಾನೆ, ನಿಂತಲ್ಲೆಲ್ಲ ಪ್ರಶ್ನೆ ಹುಟ್ಟುತ್ತದೆ. ಅವರ ಪಸ್ಕ ಹಬ್ಬದ ರಾತ್ರಿ ಊಟದ ಮೊದಲು ಮನೆಯ ಅತಿ ಕಿರಿಯ ಕೂಸು ನಾಲ್ಕು ಪ್ರಶ್ನೆ ಕೇಳಲೇಬೇಕಂತೆ. ನಮ್ಮಲ್ಲಿ ಪೂಜೆಯ ಹೊತ್ತಿಗೆ ಪ್ರಶ್ನೆ ಕೇಳಿದ ಕೂಸಿಗೆ ಸಿಗುವುದು ದೊಡ್ಡವರ ಕಣ್ಣುಬಿಡುವಿಕೆ.

ಆದರೂ ನಮಗೆ ಜಗಳ ಗೊತ್ತಿಲ್ಲವೆಂದಲ್ಲ. ದಾಸರು ನಿಂದಾಸ್ತುತಿಯಲ್ಲಿ ವಿಠಲನನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರಲ್ಲ, ಅದು ಕನ್ನಡದಲ್ಲಿ. ಕಳ್ಳ, ಲೋಭಿ, ಮಾತಿಗೆ ತಪ್ಪಿದವ ಎಂದು ದೇವರನ್ನು ಬೈಯುವ ಸಲಿಗೆ ತಾಯಿನುಡಿಗಷ್ಟೇ ಸಿಕ್ಕೀತು.

ಮೊನ್ನೆ ಭಜನೆಗೆಂದು ನನ್ನ ಮೊಮ್ಮಗಳು ಅಂಥದ್ದೊಂದು ದೇವರನಾಮ ಅಭ್ಯಾಸ ಮಾಡುತ್ತಿದ್ದಳು. ಕನ್ನಡ ಓದಲು ಬಾರದ್ದರಿಂದ ಹಾಳೆಯಲ್ಲಿ ದೇವನಾಗರಿಯಲ್ಲಿ ಬರೆದುಕೊಂಡಿದ್ದಳು, ಥೇಟ್ ಮಾವುಶಿಯ ಪೆನ್ಸಿಲ್ ಗೆರೆಗಳ ಹಾಗೆ. ಎರಡನೇ ಚರಣದಲ್ಲಿ ಸಡನ್ನಾಗಿ ನಿಂತಳು. “ಅಜ್ಜಾ, ಇವರು ದೇವರಿಗೆ ಬೈತಾ ಇದ್ದಾರಾ?”

“ಹೌದು ಮಗಾ.”

“ಪರ್ಮಿಶನ್ ಉಂಟಾ?”

“ಕನ್ನಡ ಗೊತ್ತಿದ್ದವರಿಗೆ ಉಂಟು.”

ಬರುವ ಭಾನುವಾರದಿಂದ ಕಾಗುಣಿತ ಶುರು. ದೇವರ ಮೇಲೆ ನನ್ನ ತಕರಾರುಗಳ ದೊಡ್ಡದೊಂದು ಫೈಲೇ ಇದೆ, ಎಲ್ಲ ಕನ್ನಡದಲ್ಲೇ. ನನ್ನ ಕಾಲದಲ್ಲಿ ತೀರ್ಪು ಬರುವ ಲಕ್ಷಣವಿಲ್ಲ. ಮುಂದೆ ವಾದಿಸುವುದಕ್ಕೆ ಓದಲು ಬರುವ ವಾರಸುದಾರಳೊಬ್ಬಳು ಬೇಕಲ್ಲ.