ಹಲಗೆಯೂ ಪೆಟ್ಟಿಗೆಯೂ

ಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರು ಇದೆ. ವಯಸ್ಸು ಹದಿನೆಂಟು, ಅದರ ಕುಲದ ಲೆಕ್ಕದಲ್ಲಿ ಶತಾಯುಷಿಯೇ ಸರಿ. ಗುಂಡಿ ಒತ್ತಿದರೆ ಮೊದಲು ನಿಟ್ಟುಸಿರು ಬಿಡುತ್ತದೆ. ನಾನು ಒಳಗೆ ಹೋಗಿ ಕಾಫಿ ಕುಡಿದು ಬರುವ ಹೊತ್ತಿಗೆ ಕಣ್ಣು ತೆರೆಯುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರಂತೂ ಮೂರು ದಿನ ಅದಕ್ಕೆ ಏಕಾಂತವಾಸ.

ಈ ವರ್ಷ ಬೇಸಗೆ ರಜಕ್ಕೆ ಬಂದ ಮಗಳು ಬೆಂಗಳೂರಿನಿಂದ ಒಂದು ಟ್ಯಾಬ್ಲೆಟ್ ತಂದಳು. “ಅಪ್ಪ, ಆ ಪೆಟ್ಟಿಗೆಯನ್ನು ಇನ್ನಾದರೂ ಗುಜರಿಗೆ ಹಾಕಿ. ಅದು ಮಾಡುವುದನ್ನೆಲ್ಲ ಇದು ಮಾಡುತ್ತದೆ” ಎಂದಳು. ನೋಡಿದರೆ ನಾವು ಬಾಲ್ಯದಲ್ಲಿ ಬಳಪ ಹಿಡಿದು ತಿದ್ದಿದ ಸ್ಲೇಟಿನಂತೆಯೇ ಇತ್ತು. 2010ರಲ್ಲಿ ಆಪಲ್ ಕಂಪನಿ ಐಪ್ಯಾಡನ್ನು ಹೊರತಂದಾಗಿನಿಂದ ಈ ಜಗಳ ನಡೆದೇ ಇದೆ: ಹಲಗೆ ಪೆಟ್ಟಿಗೆಯನ್ನು ಓಡಿಸುವುದೋ ಇಲ್ಲವೋ? 2011ರಲ್ಲಿ ನಮ್ಮ ಸರ್ಕಾರವೂ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಎಂಬ ಅಗ್ಗದ ಹಲಗೆಯೊಂದನ್ನು ತಂದಿತ್ತು. ಆ ಜಗಳ ನಮ್ಮ ಪಡಸಾಲೆಗೂ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಪೆಟ್ಟಿಗೆಯನ್ನು ಗುಜರಿಗೆ ಹಾಕಲು ನನಗೆ ಅಡ್ಡಿಯಿತ್ತು. ಅದರೊಳಗೆ ನಮ್ಮಮ್ಮನ ಹಾಡುಗಳಿದ್ದವು. ಹಸೆಯ ಹಾಡು, ಆರತಿಯ ಹಾಡು, ಬೀಗರ ಹಾಡು ಎಂದು ನೂರಕ್ಕೆ ಮೇಲ್ಪಟ್ಟು. ಅಮ್ಮ ತೀರಿಕೊಳ್ಳುವ ಹಿಂದಿನ ವರ್ಷ, ಅವಳು ಹೇಳಿದಂತೆ ಒಂದೊಂದೇ ಅಕ್ಷರ ಕುಟ್ಟಿದ್ದೆ. ಅವನ್ನು ಹಲಗೆಗೆ ವರ್ಗಾಯಿಸಿ ತೆರೆದರೆ, ಹಸೆಯ ಮೇಲೆ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರ, ಆಶ್ಚರ್ಯಚಿಹ್ನೆ, ಅರ್ಧವಿರಾಮಗಳ ದೊಂಬಿ. ನನ್ನ ಎದೆ ಧಸಕ್ಕೆಂದಿತು.

ಕೊಪ್ಪದ ಪೇಟೆಯಲ್ಲಿ ಕಂಪ್ಯೂಟರು ರಿಪೇರಿ ಮಾಡುವ ಹುಡುಗ ಕಾರಣ ತಿಳಿಸಿದ. ನಾನು ಬಳಸಿದ್ದ ಹಳೆಯ ಅಕ್ಷರಶೈಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿತ್ತಂತೆ. ವೇಷ ಕಳಚಿದರೆ ಒಳಗಿರುವುದು ಇಂಗ್ಲಿಷ್. ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿ 1991ರಲ್ಲೇ ಹುಟ್ಟಿತ್ತು. ನನ್ನ ಪೆಟ್ಟಿಗೆಯ ಬರಹಕ್ಕೆ ಅದು ತಾಕಿರಲಿಲ್ಲ, ಅಷ್ಟೆ. ಹುಡುಗ ತನ್ನ ಕಂಪ್ಯೂಟರಿನಲ್ಲಿ ಪರಿವರ್ತಿಸಿ ಕೊಟ್ಟ. ಆದರೆ ಅಲ್ಲಲ್ಲಿ ಒತ್ತಕ್ಷರಗಳು ನೆರೆಮನೆಗೆ ಹೋಗಿ ಕೂತಿದ್ದವು.

ತಿದ್ದಲು ಹಲಗೆಯನ್ನು ಹಿಡಿದೆ. ಬೆರಳಿನಿಂದ ಕುಟ್ಟುವ ಕೀಲಿಮಣೆ ಅರ್ಧ ತೆರೆಯನ್ನು ನುಂಗಿತು; ಉಳಿದರ್ಧದಲ್ಲಿ ಹಾಡು ಕಂಡರೆ ಮೂಲ ಕಾಣದು, ಮೂಲ ಕಂಡರೆ ಹಾಡು ಕಾಣದು. ಅಳಿಯನಿಗೆ ಫೋನು ಮಾಡಿದೆ. “ಮಾವ, ಬೇರೆ ಕೀಲಿಮಣೆ ಜೋಡಿಸಿಕೊಳ್ಳಿ, ನಿಲ್ಲಿಸುವುದಕ್ಕೆ ಒಂದು ಸ್ಟ್ಯಾಂಡು ಕೊಳ್ಳಿ” ಎಂದ. ಅಷ್ಟೆಲ್ಲ ಜೋಡಿಸಿದ ಮೇಲೆ ಅದು ಪೆಟ್ಟಿಗೆಯೇ ಆಯಿತಲ್ಲ! ಸೋತು ಹಳೆಯ ಕಂಪ್ಯೂಟರಿನ ಮುಂದೆಯೇ ಕೂತೆ. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸಕ್ಕೆ ಬೆರಳುಗಳು ಪಳಗಿದ್ದವು, ಕೆಲಸ ಸಾಗಿತು.

ಇದನ್ನು ಶೃಂಗೇರಿಯಲ್ಲಿರುವ ಭಾವನ ಹತ್ತಿರ ಹೇಳಿಕೊಂಡೆ. ಅವರು ನಕ್ಕು ಅಲ್ಲಿನ ಮಠದ ಕಡತಗಳನ್ನು ನೆನಪಿಸಿದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆದ ಪುಸ್ತಕಗಳು ಅವು. ಒಂದು ಬಗೆಯಲ್ಲಿ ಅವೂ ಹಲಗೆಗಳೇ; ಒರೆಸಿದರೆ ಅಳಿಸಿಹೋಗುವ ಬರಹ. ಆದರೂ ಸಂಸ್ಥಾನದ ಲೆಕ್ಕಪತ್ರಗಳು ಅವುಗಳಲ್ಲಿ ಉಳಿದು ಬಂದಿವೆ. “ಒರೆಸದೆ ಕಾಯುವವರು ಇದ್ದರು, ಉಳಿಯಿತು. ನಿನ್ನ ಪೆಟ್ಟಿಗೆಯದೇನು ಹೆಚ್ಚುಗಾರಿಕೆ?” ಎಂದರು ಭಾವ. ನನ್ನಲ್ಲಿ ಉತ್ತರವಿರಲಿಲ್ಲ.

ಶ್ರಾವಣದಲ್ಲಿ ನರಸಿಂಹರಾಜಪುರಕ್ಕೆ ಅಕ್ಕನನ್ನು ನೋಡಲು ಹೊರಟೆ. ಮಂಡಿನೋವಿನಿಂದ ಅವಳು ಊರು ಬಿಟ್ಟು ಬರುವುದಿಲ್ಲ. ಹಿಂದೆ ನಮ್ಮ ಕಡೆಯ ‘ಸಹಕಾರ ಸಾರಿಗೆ’ಯ ಬಸ್ಸು ಹತ್ತುವುದೆಂದರೆ ನೆಂಟರ ಮನೆಗೆ ಹೊಕ್ಕಂತಿತ್ತು, 2020ರಲ್ಲಿ ಅದು ನಿಂತಿತು. ಸಿಕ್ಕ ಬಸ್ಸು ಹಿಡಿದು, ಹಲಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ಹೋದೆ. “ಟ್ಯಾಬ್ಲೆಟ್ ತಂದಿದ್ದೇನೆ ಅಕ್ಕ” ಎಂದರೆ, “ಬಿ.ಪಿ.ಯದು ಇನ್ನೂ ಒಂದು ಪಟ್ಟಿ ಉಂಟು ಮಾರಾಯ, ಯಾಕೆ ದುಡ್ಡು ದಂಡ ಮಾಡಿದೆ?” ಎಂದಳು.

ಅಲ್ಲಿ ಕರೆಂಟು ಹೋಗಿತ್ತು. ಬಚ್ಚಲೊಲೆಯ ಮುಂದೆ ಕೂತು, ಹಲಗೆಯ ಬೆಳಕಿನಲ್ಲಿ ಅಮ್ಮನ ಆರತಿಯ ಹಾಡೊಂದನ್ನು ಓದತೊಡಗಿದೆ. ಮೂರನೆಯ ನುಡಿಗೆ ಅಕ್ಕ ಕೈಯೆತ್ತಿದಳು.

“ತಪ್ಪು. ಅಮ್ಮ ಹಾಗೆ ಹೇಳುತ್ತಿರಲಿಲ್ಲ.”

ಹಾಡಿ ತೋರಿಸಿದಳು. ಅವಳು ಹೇಳಿದ್ದೇ ಸರಿ. ಅಮ್ಮನ ಸೋತ ದನಿಯನ್ನು ನಾನು ಅಂದು ತಪ್ಪಾಗಿ ಕೇಳಿಸಿಕೊಂಡಿದ್ದೆ. ಪೆಟ್ಟಿಗೆ ಆ ತಪ್ಪನ್ನೇ ಇಷ್ಟು ವರ್ಷ ನಿಷ್ಠೆಯಿಂದ ಕಾದಿತ್ತು. ಪೆಟ್ಟಿಗೆಯನ್ನು ಹೊತ್ತು ಈ ಬಚ್ಚಲೊಲೆಯ ತನಕ ನಾನು ಎಂದಾದರೂ ಬರುತ್ತಿದ್ದೆನೆ? ಹಲಗೆಗೆ ಅಕ್ಕನ ದನಿಯನ್ನು ಹಿಡಿಯಲು ಹೇಳಿದೆ. ನಾನು ಬರೆದೇ ಇರದ ಎರಡು ಹಾಡುಗಳೂ ಆ ಸಂಜೆ ಸಿಕ್ಕವು.

ಗಂಭೀರವಾದ ಕೆಲಸಕ್ಕೆ ಹಲಗೆ ಸಾಲದೆಂದು ಈಗಲೂ ಹೇಳುತ್ತೇನೆ. ಹಾಗೆಂದು ಕುಟ್ಟುವುದೊಂದೇ ಗಂಭೀರವಾದ ಕೆಲಸವೆಂದು ಮಾತ್ರ ಹೇಳಲಾರೆ. ಮಗಳಿಗೆ ಹಾಗೆಯೇ ತಿಳಿಸಿದ್ದೇನೆ. ಪೆಟ್ಟಿಗೆಗೆ ಗುಜರಿ ತಪ್ಪಿದೆ.

ಮರುದಿನ ರಾತ್ರಿ ಕೊಪ್ಪದಲ್ಲಿ, ಪಕ್ಕದಲ್ಲಿ ಹಲಗೆಯನ್ನಿಟ್ಟು ಅಕ್ಕನ ದನಿ ಕೇಳುತ್ತ ಪೆಟ್ಟಿಗೆಯಲ್ಲಿ ತಿದ್ದುತ್ತಿದ್ದೆ. ಹಾಡಿನ ಹಿಂದೆ ಅಲ್ಲಿನ ಮಳೆ, ಕಿಟಕಿಯಾಚೆ ಇಲ್ಲಿನ ಮಳೆ. ಹಾಡು ಮುಗಿದ ಮೇಲೆ ಅಕ್ಕನ ಮಾತೂ ಇತ್ತು: “ಸಾಕೇನೋ? ಕಾಫಿ ಮಾಡಲಾ?” ಅದನ್ನು ಅಳಿಸಲು ಮನಸ್ಸು ಬರಲಿಲ್ಲ.